ಜೊತೆಗೆ ಹೋಗುವವಳಿಗೂ ಭಾಷೆ ಬೇಕು

ಬೆಂಗಳೂರಿನಿಂದ ಜರ್ಮನಿಗೆ ಹೊರಡುವ ಎಂಜಿನಿಯರುಗಳು ಸಂಬಳ, ತೆರಿಗೆ, ಬಾಡಿಗೆ ಎಲ್ಲದರ ಲೆಕ್ಕ ಹಾಕುತ್ತಾರೆ. ಜೊತೆಗೆ ಹೋಗುವ ಹೆಂಡತಿ ಹಗಲಿಡೀ ಯಾರ ಹತ್ತಿರ ಮಾತಾಡಬೇಕು ಅನ್ನುವುದನ್ನು ಯಾರೂ ಯೋಚಿಸುವುದಿಲ್ಲ. ಸ್ಟುಟ್‌ಗಾರ್ಟ್‌ಗೆ ಬಂದ ಮೇಲೆ ನಮ್ಮ ಮನೆಯವರಿಗೆ ಆಫೀಸಿತ್ತು, ಅಲ್ಲಿ ಇಂಗ್ಲಿಷ್ ನಡೆಯುತ್ತಿತ್ತು. ನನಗಿದ್ದದ್ದು ಸದಾ ಮುಚ್ಚಿದ ಬಾಗಿಲುಗಳ ಅಪಾರ್ಟ್‌ಮೆಂಟ್. ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಗೇ ಕತ್ತಲು. ಭಾನುವಾರ ಅಂಗಡಿಗಳು ಬಂದ್. ಸದ್ದಾಗುತ್ತದೆಂದು ಖಾಲಿ ಬಾಟಲಿಗಳನ್ನು ಬೀದಿಯ ತೊಟ್ಟಿಗೆ ಹಾಕುವಂತೆಯೂ ಇಲ್ಲ.

ಕನ್ನಡ ಸಂಘ ಸೇರು ಎಂದರು ಎಲ್ಲರೂ. ಸೇರಿದೆ. ಯುಗಾದಿ, ರಾಜ್ಯೋತ್ಸವಗಳಲ್ಲಿ ಜೀವ ತಂಪಾಯಿತು, ನಿಜ. ಆದರೆ ಬುಧವಾರ ಮಧ್ಯಾಹ್ನ ಮೂರು ಗಂಟೆಗೆ ಸಂಘ ಇರುವುದಿಲ್ಲ.

ಒಂದು ಬೆಳಿಗ್ಗೆ ನಮ್ಮ ಬಾಗಿಲಿಗೆ ಪುಟ್ಟ ಹಲಗೆಯೊಂದು ತೂಗುತ್ತಿತ್ತು: ‘ಕೇರ್‌ವೋಖೆ’. ಶ್ವಾಬಿಯಾ ಸೀಮೆಯ ಹಳೆಯ ಪದ್ಧತಿ. ಹಲಗೆ ಯಾರ ಬಾಗಿಲಲ್ಲಿದೆಯೋ ಆ ವಾರ ಮೆಟ್ಟಿಲು ಗುಡಿಸಿ ಒರೆಸುವ ಸರದಿ ಅವರದು. ನಾನು ಒರೆಸುತ್ತಿದ್ದಾಗ ಮೇಲಿನ ಮನೆಯ ಅಜ್ಜಿ ಇಳಿದು ಬಂದು ಕಟಕಟೆ ಮುಟ್ಟಿ ಏನೋ ಹೇಳಿದರು. ತಿರುಗಿ ಹೇಳಿದೆ. ತಿದ್ದಿದರು. ಬಕೆಟ್, ಬಟ್ಟೆ, ಕಿಟಕಿ ಎಂದು ಒಂದೊಂದನ್ನೇ ಹೇಳಿಸುತ್ತಾ ಕೆಳಗಿನವರೆಗೂ ಜೊತೆಗೆ ಬಂದರು. ಆ ಊರಿನಲ್ಲಿ ನನಗೆ ಉಸಿರಾಡುವಂತಾದದ್ದು ಅವತ್ತಿನಿಂದ.

ಆ ಮಾತುಗಳನ್ನು ನಾನು ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಲ್ಲೇ ಕಲಿತು ಬರಬಹುದಿತ್ತು. ಸಾಮಾನ್ಯವಾಗಿ ಜರ್ಮನಿಯಲ್ಲಿರುವ ಸಂಗಾತಿಯ ಬಳಿಗೆ ಹೋಗುವವರು ವೀಸಾಕ್ಕೆ ಎ1, ಅಂದರೆ ಆರಂಭಿಕ ಮಟ್ಟದ ಜರ್ಮನ್ ಬರುತ್ತದೆಂದು ತೋರಿಸಬೇಕು. ಆದರೆ ಪರಿಣತ ನೌಕರರಿಗೆ ಕೊಡುವ ಬ್ಲೂ ಕಾರ್ಡ್ ಪರವಾನಗಿ ಇರುವವರ ಸಂಗಾತಿಗೆ ವಿನಾಯಿತಿ ಉಂಟು. ದೊಡ್ಡ ಅನುಕೂಲ ಎಂದು ಎಲ್ಲರೂ ಖುಷಿಪಡುತ್ತಾರೆ. ಕುಟುಂಬ ಬೇಗ ಒಟ್ಟಾಗುತ್ತದೆ, ಹಾಗಾಗಿ ವಿನಾಯಿತಿ ಇರಲಿ. ಅದನ್ನು ನಂಬಿ ಬರಿಗೈಯಲ್ಲಿ ವಿಮಾನ ಹತ್ತುವುದು ಬೇಡ. ಅಲ್ಲಿನ ಸರ್ಕಾರದ ಇಂಟಿಗ್ರೇಷನ್ ಕೋರ್ಸಿನಲ್ಲಿ ಸಾಮಾನ್ಯವಾಗಿ 600 ಗಂಟೆ ಭಾಷೆಯ ಪಾಠವೇ ಇರುತ್ತದೆ. ಮಗು ಕಂಕುಳಲ್ಲಿರುವವಳಿಗೆ ಅಷ್ಟು ಹೊತ್ತು ಹೊಂದಿಸುವುದು ಎಷ್ಟು ಕಷ್ಟ ಎಂದು ನಾನು ಕಣ್ಣಾರೆ ಕಂಡಿದ್ದೇನೆ.

ಸಾಮಾನು ಸಾಗಣೆಗೆ, ಮೊದಲ ತಿಂಗಳ ವಸತಿಗೆ ದುಡ್ಡು ಕೊಡುವ ಕಂಪನಿಗಳಿವೆ. ಹೆಂಡತಿಯ ಎ1 ತರಗತಿಯ ಶುಲ್ಕವನ್ನೂ ಅವು ಕೊಡಲೇಬೇಕು. ಆಫರ್ ಲೆಟರಿಗೆ ಸಹಿ ಹಾಕುವ ಮೊದಲೇ ಗಂಡ ಅದನ್ನು ಬಾಯಿಬಿಟ್ಟು ಕೇಳಬೇಕು, ಸಹಿ ಆದ ಮೇಲೆ ಯಾರೂ ಕೊಡುವುದಿಲ್ಲ.