ಸಂಖ್ಯಾಬಲವಿದ್ದೂ ಕಾದವರು

1946ರ ಡಿಸೆಂಬರ್ 13ರಂದು ಸಂವಿಧಾನ ರಚನಾ ಸಭೆಯಲ್ಲಿ ಜವಾಹರಲಾಲ್ ನೆಹರೂ ಧ್ಯೇಯ ನಿರ್ಣಯ ಮಂಡಿಸಿದಾಗ, ಅದನ್ನು ಕೂತಲ್ಲೇ ಅಂಗೀಕರಿಸಿಬಿಡುವಷ್ಟು ಬಲ ಕಾಂಗ್ರೆಸ್ಸಿಗಿತ್ತು. ಮುಸ್ಲಿಂ ಲೀಗ್ ಸಭೆಯನ್ನು ಬಹಿಷ್ಕರಿಸಿತ್ತು. ಸಂಸ್ಥಾನಗಳ ಪ್ರತಿನಿಧಿಗಳು ಇನ್ನೂ ಬಂದಿರಲಿಲ್ಲ. ಈ ಎರಡೂ ಕಡೆಯವರು ಬರುವವರೆಗೆ ನಿರ್ಣಯವನ್ನು ಮುಂದೂಡಬೇಕೆಂದು ಎಂ.ಆರ್. ಜಯಕರ್ ತಿದ್ದುಪಡಿ ತಂದರು. ಸ್ವಾತಂತ್ರ್ಯದ ಬಾಗಿಲಲ್ಲಿ ನಿಂತಿದ್ದ ಬಹಳಷ್ಟು ಸದಸ್ಯರಿಗೆ ಆ ಮಾತು ರುಚಿಸಲಿಲ್ಲ.

17ರಂದು ಅಧ್ಯಕ್ಷ ರಾಜೇಂದ್ರ ಪ್ರಸಾದರು ಇದ್ದಕ್ಕಿದ್ದಂತೆ ಅಂಬೇಡ್ಕರ್ ಹೆಸರು ಕರೆದರು. ತಮಗಿಂತ ಮೊದಲು ಮಾತನಾಡಬೇಕಾದವರು 20–22 ಮಂದಿ ಇದ್ದಾರೆ, ತಮ್ಮ ಸರದಿ ನಾಳೆ ಎಂದುಕೊಂಡಿದ್ದೆ, ಸಿದ್ಧತೆ ಮಾಡಿಕೊಂಡು ಬಂದಿಲ್ಲ ಎಂದೇ ಅಂಬೇಡ್ಕರ್ ಮಾತು ಆರಂಭಿಸಿದರು. ಆಗ ಅವರು ಕಾಂಗ್ರೆಸ್ಸಿನ ಕಟುಟೀಕಾಕಾರರು, ಬಂಗಾಳದಿಂದ ಆರಿಸಿ ಬಂದವರು. ನಿರ್ಣಯ ಅಂಗೀಕರಿಸುವ ಹಕ್ಕು ಸಭೆಗೆ ಇದೆಯೇ ಎಂಬ ಕಾನೂನಿನ ಪ್ರಶ್ನೆಯನ್ನು ಬದಿಗಿಡಿ, ಹಾಗೆ ಮಾಡುವುದು ವಿವೇಕವೇ ಎಂದು ಕೇಳಿಕೊಳ್ಳಿ ಎಂದರು. ಎದುರಾಳಿಗಳ ಪೂರ್ವಗ್ರಹಗಳಿಗೂ ಒಂದಿಷ್ಟು ರಿಯಾಯಿತಿ ಕೊಟ್ಟು ಅವರನ್ನು ಜೊತೆಗೆ ಕರೆದುಕೊಳ್ಳೋಣ ಎಂದರು.

ಸಭೆ ಆ ಅಧಿವೇಶನದಲ್ಲಿ ನಿರ್ಣಯವನ್ನು ಮತಕ್ಕೆ ಹಾಕಲಿಲ್ಲ. 1947ರ ಜನವರಿ 22ರವರೆಗೆ ಕಾಯಿತು. ಲೀಗ್ ಬರಲಿಲ್ಲ, ದೇಶ ಒಡೆಯಿತು. ಹಾಗಾದರೆ ಕಾದದ್ದು ವ್ಯರ್ಥವಾಯಿತೇ? ಇಲ್ಲ. ಖಾಲಿ ಕುರ್ಚಿಗಳನ್ನು ನೋಡಿ ಇದೇ ಸಂದರ್ಭವೆಂದು ಆತುರಪಡದ ಆ ಸಂಯಮ ಮುಂದಿನ ಮೂರು ವರ್ಷದ ಕಲಾಪಕ್ಕೆ ಹದ ಹಾಕಿತು. ದೇಶ ವಿಭಜನೆಯಿಂದ ಅಂಬೇಡ್ಕರ್ ತಮ್ಮ ಸ್ಥಾನ ಕಳೆದುಕೊಂಡಾಗ, ಅವರನ್ನು ಕೂಡಲೇ ಮುಂಬಯಿಯಿಂದ ಆರಿಸಿ ಕಳಿಸಬೇಕೆಂದು 1947ರ ಜೂನ್ 30ರಂದು ಅಲ್ಲಿನ ಸರ್ಕಾರದ ಮುಖ್ಯಸ್ಥ ಬಿ.ಜಿ. ಖೇರ್ ಅವರಿಗೆ ಪತ್ರ ಬರೆದವರು ಇದೇ ರಾಜೇಂದ್ರ ಪ್ರಸಾದ್. ಎರಡು ತಿಂಗಳೊಳಗೆ ಕರಡು ಸಮಿತಿಯ ಹೊಣೆ ಅಂಬೇಡ್ಕರ್ ಹೆಗಲೇರಿತು. ವಿರೋಧಿಯ ವಿದ್ವತ್ತನ್ನು ದೇಶದ ಕೆಲಸಕ್ಕೆ ಹಚ್ಚುವ ಇಂಥ ದೊಡ್ಡ ಮನಸ್ಸು ಇಂದು ಯಾವ ಪಕ್ಷದಲ್ಲಿ ಕಾಣುತ್ತದೆ?

ಕರಡಿಗೆ ಸೂಚಿಸಲಾದ ತಿದ್ದುಪಡಿಗಳು 7,635. ಸದನದಲ್ಲಿ ಮಂಡನೆಯಾದವು 2,473. ಅವುಗಳಲ್ಲಿ ಹಲವು ಹರಿ ವಿಷ್ಣು ಕಾಮತ್ ಅವರವು. ಮಂಗಳೂರಿನಲ್ಲಿ ಹುಟ್ಟಿ, ಐಸಿಎಸ್ ಬಿಟ್ಟು ಸುಭಾಷ್‌ಚಂದ್ರ ಬೋಸರ ಹಿಂದೆ ಹೋದವರು ಅವರು. 1949ರ ಅಕ್ಟೋಬರ್ 17ರಂದು ಪ್ರಸ್ತಾವನೆ ದೇವರ ಹೆಸರಿನಿಂದ ಆರಂಭವಾಗಲಿ ಎಂದು ಕಾಮತ್ ಹಟ ಹಿಡಿದರು. ದೇವರನ್ನು ಮತಕ್ಕೆ ಹಾಕುವುದು ಬೇಡವೆಂದು ಸಹಸದಸ್ಯರು ಕೇಳಿಕೊಂಡರೂ ಪಟ್ಟು ಸಡಿಲಿಸಲಿಲ್ಲ. ಪೂಜೆ–ನಮಾಜು ಬಿಡದ ಎಷ್ಟೋ ಆಸ್ತಿಕರು ಕೂತಿದ್ದ ಸದನ ಅದು. ನಂಬಿಕೆ ಅವರವರ ಅಂತಃಕರಣಕ್ಕೆ ಬಿಟ್ಟದ್ದು, ಅದನ್ನು ಎಲ್ಲರ ಮೇಲೆ ಹೇರಲಾಗದು ಎಂದು ಹೃದಯನಾಥ ಕುಂಜ್ರು ವಾದಿಸಿದರು. ಕೈ ಎಣಿಸಿದಾಗ ಪರ 41, ವಿರೋಧ 68.

ಮತ್ತೆಮತ್ತೆ ಸೋತರೂ ಮತ್ತೆಮತ್ತೆ ಎದ್ದು ನಿಲ್ಲುತ್ತಿದ್ದ ಕಾಮತ್, ಕೆ.ಟಿ. ಶಾ, ಕುಂಜ್ರು ಅವರಂಥವರಿಗೆ 1949ರ ನವೆಂಬರ್ 25ರ ಭಾಷಣದಲ್ಲಿ ಅಂಬೇಡ್ಕರ್ ಹೆಸರು ಹಿಡಿದು ಕೃತಜ್ಞತೆ ಹೇಳಿದರು. ಇವರಿಲ್ಲದಿದ್ದರೆ ಸಂವಿಧಾನದ ಹಿಂದಿನ ತತ್ವಗಳನ್ನು ಬಿಡಿಸಿ ಹೇಳುವ ಅವಕಾಶವೇ ತಮಗೆ ಸಿಗುತ್ತಿರಲಿಲ್ಲ ಎಂದರು.

ಆ ತಲೆಮಾರು ತಪ್ಪೇ ಮಾಡಲಿಲ್ಲವೆಂದಲ್ಲ. ವಯಸ್ಕರೆಲ್ಲರ ಮತದಿಂದ ಆರಿಸಿ ಬಂದ ಸಭೆಯೂ ಅದಾಗಿರಲಿಲ್ಲ. ತುರ್ತು ಪರಿಸ್ಥಿತಿಯಲ್ಲಿ ಮೂಲಭೂತ ಹಕ್ಕಿಗಾಗಿ ನ್ಯಾಯಾಲಯದ ಮೊರೆ ಹೋಗುವುದನ್ನೇ ಅಮಾನತಿನಲ್ಲಿಡುವ ವಿಧಿಗೆ 1949ರ ಆಗಸ್ಟ್‌ನಲ್ಲಿ ಒಪ್ಪಿಗೆ ಸಿಕ್ಕಿತು. ಇದು ನಾಚಿಕೆಯ ದಿನವೆಂದು ಕಾಮತ್ ಅಂದೇ ನೊಂದು ನುಡಿದಿದ್ದರು. ಬಹುಮತ ಕೇಳಲಿಲ್ಲ. 1975ರಲ್ಲಿ ತುರ್ತು ಪರಿಸ್ಥಿತಿ ಬಂತು, ವಿಚಾರಣೆಯಿಲ್ಲದೆ ಸಾವಿರಾರು ಜನ ಜೈಲು ಸೇರಿದರು. ಅವರು ಕೋರ್ಟಿನ ಕದ ತಟ್ಟುವಂತಿಲ್ಲ ಎಂದು 1976ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. 1978ರಲ್ಲಿ 44ನೇ ತಿದ್ದುಪಡಿಯ ಮೂಲಕ ಜೀವ ಮತ್ತು ಸ್ವಾತಂತ್ರ್ಯದ ಹಕ್ಕನ್ನು ಯಾವ ಕಾಲಕ್ಕೂ ಅಮಾನತುಗೊಳಿಸದಂತೆ ಸರಿಪಡಿಸಲಾಯಿತು. ಅದನ್ನು ಅಂಗೀಕರಿಸಿದ ಲೋಕಸಭೆಯಲ್ಲಿ ಹೊಶಂಗಾಬಾದ್‌ನಿಂದ ಗೆದ್ದ ಕಾಮತ್ ಇದ್ದರು. ಅಲ್ಪಮತದ ಮಾತು ನಿಜವಾಗಲು ಸುಮಾರು ಮೂವತ್ತು ವರ್ಷ ಹಿಡಿಯಿತು. ಅಂದು ಅವರನ್ನು ಮಾತನಾಡಲು ಬಿಟ್ಟಿದ್ದರಿಂದ, ಆಡಿದ್ದನ್ನು ಅಕ್ಷರಶಃ ದಾಖಲಿಸಿದ್ದರಿಂದ ಆ ಎಚ್ಚರಿಕೆ ಉಳಿಯಿತು.

ಈಗಿನ ಸದನಗಳನ್ನು ನೋಡಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಮೂರು ಕೃಷಿ ಮಸೂದೆಗಳ ಪೈಕಿ ಎರಡು 2020ರ ಸೆಪ್ಟೆಂಬರ್ 20ರಂದು ರಾಜ್ಯಸಭೆಯಲ್ಲಿ ಧ್ವನಿಮತದಿಂದ ಪಾಸಾದವು. ಮತ ವಿಭಜನೆ ಬೇಕೆಂಬ ವಿರೋಧ ಪಕ್ಷಗಳ ಒತ್ತಾಯಕ್ಕೆ ಬೆಲೆ ಸಿಗಲಿಲ್ಲ. ಮರುವರ್ಷ ನವೆಂಬರ್ 29ರಂದು ಅವನ್ನು ರದ್ದುಪಡಿಸಿದ್ದೂ ಚರ್ಚೆಯಿಲ್ಲದೆಯೇ. 17ನೇ ಲೋಕಸಭೆ ಉಪಸಭಾಧ್ಯಕ್ಷರನ್ನೇ ಆರಿಸದೆ ಐದು ವರ್ಷ ಮುಗಿಸಿತು. ವಿರೋಧ ಪಕ್ಷಕ್ಕೆ ಬಿಟ್ಟುಕೊಡುವ ರೂಢಿಯಿದ್ದ ಹುದ್ದೆ ಅದು.

ಕರ್ನಾಟಕ ಇದಕ್ಕೆ ಹೊರತಲ್ಲ. 2020ರ ಡಿಸೆಂಬರ್‌ನಲ್ಲಿ ವಿಧಾನ ಪರಿಷತ್ತಿನ ಪೀಠದಲ್ಲಿದ್ದ ಉಪಸಭಾಪತಿಯನ್ನು ಸದಸ್ಯರೇ ಎಳೆದು ಕೆಳಗಿಳಿಸಿದರು. 2025ರ ಮಾರ್ಚ್ 21ರಂದು ವಿಧಾನಸಭೆಯಲ್ಲಿ ಕಾಗದ ಹರಿದು ಪೀಠದತ್ತ ಎಸೆಯಲಾಯಿತು, 18 ಶಾಸಕರು ಅಮಾನತಾದರು. ಸಚಿವರು ಮತ್ತು ಶಾಸಕರ ಸಂಬಳ ಏರಿಸುವ ಮಸೂದೆಗಳು ಚರ್ಚೆಯಿಲ್ಲದೆ ಪಾಸಾದದ್ದು ಆ ಗದ್ದಲದಲ್ಲೇ. ಎಸೆದವರು ಬಿಜೆಪಿಯವರು, ಪಾಸು ಮಾಡಿಸಿದವರು ಕಾಂಗ್ರೆಸ್ಸಿನವರು. ಪರಿಷತ್ತಿನ ಘಟನೆಯಲ್ಲಿ ಎಳೆದಾಡಿದವರು ಕಾಂಗ್ರೆಸ್ಸಿನವರು, ಆಗ ಸರ್ಕಾರ ಬಿಜೆಪಿಯದು. ಪಾತ್ರಗಳಷ್ಟೇ ಅದಲುಬದಲು.

ಅಂಬೇಡ್ಕರ್ ಪ್ರತಿಮೆಗೆ ಹಾರ ಹಾಕುವುದರಲ್ಲಿ, ಪ್ರಸ್ತಾವನೆಯನ್ನು ಸಾಮೂಹಿಕವಾಗಿ ಓದಿಸುವುದರಲ್ಲಿ ಎಲ್ಲ ಪಕ್ಷಗಳೂ ಮುಂದು. ಅದರ ಜೊತೆಗೆ ಕೆಲವನ್ನು ಮಾಡಿ ತೋರಿಸಲಿ. ಮಸೂದೆಯ ಕನ್ನಡ ಪ್ರತಿ ಒಂದು ವಾರ ಮೊದಲೇ ಶಾಸಕರ ಕೈಗೆ ಸಿಗಬೇಕು. ಮಂಡನೆಯಾದ ದಿನವೇ ಅಂಗೀಕರಿಸುವ ಪದ್ಧತಿ ನಿಲ್ಲಬೇಕು. ಒಬ್ಬ ಸದಸ್ಯ ಕೇಳಿದರೂ ಮತ ಎಣಿಕೆಯಾಗಬೇಕು. ಇದಕ್ಕೆ ಸಂವಿಧಾನ ತಿದ್ದಬೇಕಾಗಿಲ್ಲ, ಸದನದ ನಿಯಮಾವಳಿ ತಿದ್ದಿದರೆ ಸಾಕು. ಬೆಳಗಾವಿಯ ಚಳಿಗಾಲದ ಅಧಿವೇಶನದಲ್ಲಿ ಮೊದಲ ದಿನವೇ ಅದನ್ನು ಚರ್ಚೆಗೆ ತೆಗೆದುಕೊಳ್ಳಲು ಸ್ಪೀಕರ್‌ಗೆ ಯಾವ ಅಡ್ಡಿಯೂ ಇಲ್ಲ.