ಬೊಡ್ಡೆಯ ಜಾತ್ರೆ



ಜಾತ್ರೆ ಎಂದರೆ ತೇರು, ಬತ್ತಾಸು, ಬಲೂನು ಅಷ್ಟೇ ಅಲ್ಲ. ಜನ ಸೇರುವುದಕ್ಕೆ ಎಂಥೆಂಥ ನೆಪಗಳಿವೆ ನೋಡಿ. ಬೆಂಗಳೂರಿನ ಬಸವನಗುಡಿಯಲ್ಲಿ ಕಾರ್ತಿಕ ಮಾಸದ ಕಡೆಯ ಸೋಮವಾರ ಕಡಲೆಕಾಯಿಯೇ ನೆಪ. ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್‌ನಲ್ಲಿ ಕೂಪರ್ಸ್ ಹಿಲ್ ಎಂಬ ಕಡಿದಾದ ಗುಡ್ಡವಿದೆ. ಅಲ್ಲಿ ಗಾಲಿಯಂಥ ಚೀಸ್ ಗಟ್ಟಿಯನ್ನು ಮೇಲಿಂದ ಉರುಳಿಸಿ, ಅದರ ಹಿಂದೆ ಬೀಳುತ್ತ ಏಳುತ್ತ ಓಡುತ್ತಾರೆ. ಮೊದಲು ಕೆಳಗೆ ಬಂದವರಿಗೆ ಆ ಚೀಸೇ ಬಹುಮಾನ!

ನನಗೆ ಎಲ್ಲಕ್ಕಿಂತ ಸೋಜಿಗ ಅನ್ನಿಸುವುದು ಜಪಾನಿನ ನಾಗಾನೊ ಪ್ರಾಂತದ ಸುವಾ ಊರಿನ ಒನ್‌ಬಾಶಿರಾ ಹಬ್ಬ. ಅಲ್ಲಿಯ ಹಳೆಯ ದೇವಾಲಯಕ್ಕೆ 4 ಗುಡಿಗಳು. ಪ್ರತಿ ಗುಡಿಯ 4 ಮೂಲೆಗೂ ಒಂದೊಂದು ಮರದ ಕಂಬ. 6 ವರ್ಷಕ್ಕೊಮ್ಮೆ ಆ 16 ಕಂಬಗಳನ್ನೂ ಬದಲಿಸುತ್ತಾರೆ. ದೊಡ್ಡ ಕಂಬ 17 ಮೀಟರ್ ಉದ್ದ, 10 ಟನ್ ತೂಕ. ಕಾಡಿನಿಂದ ಅದನ್ನು ಊರಿನವರೇ ಹಗ್ಗ ಕಟ್ಟಿ, ಹಾಡು ಹೇಳುತ್ತ ಎಳೆದು ತರುತ್ತಾರೆ. ದಾರಿಯಲ್ಲಿ ಇಳಿಜಾರು ಬಂದರೆ ಕೆಲವರು ಉರುಳುವ ದಿಮ್ಮಿಯ ಮೇಲೇ ಕೂತು ಜಾರುತ್ತಾರೆ. ಪ್ರಾಣ ಹೋದದ್ದೂ ಉಂಟು. ಆ ಜಾರಾಟ ನಮಗೆ ಬೇಡ. ಹಗ್ಗ ಹಿಡಿಯುವ ಒಗ್ಗಟ್ಟು ಮಾತ್ರ ಬೇಕು. ಅದು ಬೇಕಾದ ಸಂದರ್ಭ ನಮ್ಮ ಹಿತ್ತಲಿಗೇ ಬಂತು.

ಹೋದ ಮಳೆಗಾಲದ ಗಾಳಿಗೆ ನಮ್ಮ ಮಾವಿನ ಮರ ಎದೆಮಟ್ಟಕ್ಕೆ ಮುರಿದು ಬಿತ್ತು. ಉಳಿದ ಬೊಡ್ಡೆಗೆ ಗೆದ್ದಲು ಹತ್ತಿತು. ಅದರ ಬೇರು ಬಾವಿಕಟ್ಟೆಯ ದಾರಿಯಲ್ಲಿ ಎದ್ದು ನಿಂತಿತ್ತು. ಕಣ್ಣು ಮಂಜಾಗಿರುವ ನನ್ನ ಅಕ್ಕ ಎರಡು ಸಲ ಎಡವಿದಳು. ಎಂಬತ್ತರ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದರೆ ಮತ್ತೆ ಓಡಾಡುವುದು ಕಷ್ಟ. ಬೊಡ್ಡೆ ಹೋಗಲೇಬೇಕಿತ್ತು.

ಆದರೆ ಮರದ ಗಿಡ ಕೊಟ್ಟವರು ಪಕ್ಕದ ಮನೆಯ ಅಜ್ಜಿಯ ಯಜಮಾನರು. ಅವರು ಈಗಿಲ್ಲ. ಅಜ್ಜಿ ದಿನವೂ ಕಾಂಪೌಂಡಿನ ಮೇಲಿಂದ ಬೊಡ್ಡೆಯನ್ನು ನೋಡಿ ಸುಮ್ಮನೆ ಒಳಗೆ ಹೋಗುತ್ತಿದ್ದರು. ಬ್ಯಾಂಕಿನಲ್ಲಿ ಜಂಟಿ ಖಾತೆ ಮುಚ್ಚಲು ಇಬ್ಬರ ಸಹಿಯೂ ಬೇಕು. ಹೋಗಿ ಕೇಳಿದೆ. “ತೆಗೆಸಿ, ಆದರೆ ನಾನೂ ಬರ್ತೀನಿ” ಅಂದರು.

ಸರಿ, ಭಾನುವಾರ ಬೆಳಿಗ್ಗೆ ಬೀದಿಯ ಹನ್ನೆರಡು ಮಕ್ಕಳು, ಐದು ಜನ ದೊಡ್ಡವರು, ಮೂರು ಜನ ಮುದುಕರು ಸೇರಿದೆವು. ನೀರಿನ ಪೈಪು, ಕರೆಂಟಿನ ತಂತಿ ಎಲ್ಲಿದೆ ಎಂದು ಮೊದಲು ಗುರುತು ಮಾಡಿದೆವು. ಬೊಡ್ಡೆಯ ಸುತ್ತ ಮೊಳಕಾಲುದ್ದ ಅಗೆದು, ಬೇರಿನ ಮೇಲಿನ ಮಣ್ಣನ್ನು ನೀರು ಹಾಕಿ ತೊಳೆದೆವು. ಮಣ್ಣಿದ್ದರೆ ಕೊಡಲಿ, ಗರಗಸದ ಹರಿತ ಹೋಗುತ್ತದೆ. ಪಕ್ಕದ ಬೇರುಗಳನ್ನು ದೊಡ್ಡವರು ಕಡಿದರು. ಮಕ್ಕಳು ದೂರ ನಿಂತು ಮಣ್ಣು ಹೊತ್ತರು. ಎದೆಮಟ್ಟದ ಕಾಂಡವನ್ನು ಕೊಯ್ಯದೆ ಬಿಟ್ಟದ್ದು ಯಾಕೆ ಗೊತ್ತೆ? ಅದೇ ನಮ್ಮ ಸನ್ನೆಗೋಲು. ತುದಿಗೆ ಹಗ್ಗ ಕಟ್ಟಿ ಎಳೆದರೆ ಬುಡಕ್ಕೆ ಹೆಚ್ಚು ಬಲ ಬೀಳುತ್ತದೆ.

ಹಗ್ಗಕ್ಕೆ ಎರಡು ನಿಯಮ ಹೇಳಿದ್ದೆ. ಯಾರೂ ಅದನ್ನು ಕೈಗೆ ಸುತ್ತಿಕೊಳ್ಳಬಾರದು. ಬೊಡ್ಡೆ ಬೀಳುವಷ್ಟು ದೂರದೊಳಗೆ ನಿಲ್ಲಬಾರದು. “ಐಲೇಸಾ!” ಎಂದು ಎಳೆದೆವು. ಅಲುಗಲಿಲ್ಲ. ಮಾವಿನ ತಾಯಿಬೇರು ನೇರ ಕೆಳಗೆ ಇಳಿದಿರುತ್ತದೆ. ಆ ಕಡೆ ಈ ಕಡೆ ಎಳೆದು ಸಡಿಲಿಸಿ, ಕೆಳಗಿನ ಬೇರು ಕಂಡಷ್ಟನ್ನು ಕಡಿದು, ಮುಂದಿನ ಭಾನುವಾರ ಮತ್ತೆ ಸೇರಿದೆವು. ಅವತ್ತು ಹನ್ನೊಂದು ಗಂಟೆಗೆ ಲಟಕ್ಕನೆ ಸದ್ದಾಯಿತು. ಬೊಡ್ಡೆ ಮೆಲ್ಲಗೆ ಮಗ್ಗುಲಾಯಿತು.

ಅದರಿಂದ ಒಂದು ಬಿಲ್ಲೆ ಕೊಯ್ಯಿಸಿದೆವು. ಮಕ್ಕಳು ಉಂಗುರ ಎಣಿಸಿ ವಯಸ್ಸು ಹೇಳುತ್ತೇವೆಂದು ಕೂತರು. ಚಳಿ ದೇಶದ ಮರಗಳಲ್ಲಿರುವಂತೆ ನಮ್ಮ ಮಾವಿನಲ್ಲಿ ವರ್ಷದ ಉಂಗುರ ಸ್ಪಷ್ಟವಾಗಿ ಕಾಣುವುದಿಲ್ಲ. ಒಬ್ಬ 20 ಅಂದ, ಇನ್ನೊಬ್ಬಳು 70 ಅಂದಳು. ಅಷ್ಟರಲ್ಲಿ ಅಜ್ಜಿ ಬಿಲ್ಲೆಯ ಮೇಲೆ ಕೈಯಿಟ್ಟು, “ನನ್ನ ಮಗಳು ಹುಟ್ಟಿದ ವರ್ಷ ನೆಟ್ಟಿದ್ದು. ಅವಳಿಗೀಗ 43” ಅಂದರು. ಲೆಕ್ಕ ಮುಗಿಯಿತು. ಬಿಲ್ಲೆ ಈಗ ಅವರ ಜಗಲಿಯಲ್ಲಿದೆ, ಕೂರುವ ಮಣೆಯಾಗಿ.

ಬೊಡ್ಡೆ ತೆಗೆಯಲು ಉಪ್ಪು ಸುರಿಯಬೇಡಿ, ಮಣ್ಣು ಕೆಡುತ್ತದೆ. ಅವಸರವಿಲ್ಲದಿದ್ದರೆ ತೂತು ಕೊರೆದು ಸಗಣಿ ನೀರು ತುಂಬಿ, ಒದ್ದೆ ಮಣ್ಣು ಮುಚ್ಚಿಡಿ. ಕೆಲವು ವರ್ಷಗಳಲ್ಲಿ ಅದೇ ಗೊಬ್ಬರವಾಗುತ್ತದೆ. ನಿಂತಿರುವ ಮರ ಕಡಿಯುವ ಮಾತು ಬಂದರೆ ಮೊದಲು ಅರಣ್ಯ ಇಲಾಖೆಯಲ್ಲಿ ವಿಚಾರಿಸಿ. ನಮ್ಮ ಹಿತ್ತಲ ಮರಕ್ಕೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ.

ಗುಂಡಿ ಮುಚ್ಚಿದ ಮೇಲೆ ಅಕ್ಕ ಕೋಲೂರಿಕೊಂಡು ಬಾವಿಕಟ್ಟೆಯವರೆಗೆ ನಡೆದು ನೋಡಿದಳು. ನಾಲ್ಕು ಹೆಜ್ಜೆ ಆಚೆಗೆ ಅಜ್ಜಿ ಹೊಸ ಮಾವಿನ ಸಸಿ ನೆಟ್ಟರು. 

ಸುವಾದಲ್ಲಿ ಮುಂದಿನ ಕಂಬದ ಹಬ್ಬ 2028ಕ್ಕೆ. ನಮ್ಮ ಬೀದಿಯ ಮಕ್ಕಳು ಅಷ್ಟು ದಿನ ಕಾಯುವಂತಿಲ್ಲ. ಇನ್ಯಾರ ಮನೆಯಲ್ಲಿ ಬೊಡ್ಡೆ ಇದೆ ಎಂದು ಈಗಲೇ ಹುಡುಕುತ್ತಿದ್ದಾರೆ. ನಿಮ್ಮೂರಲ್ಲಿ ಜನ ಯಾವ ವಿಚಿತ್ರ ನೆಪಕ್ಕೆ ಸೇರುತ್ತಾರೆ? ಅಜ್ಜಿಯನ್ನು ಕೇಳಿ, ನನಗೊಂದು ಕಾರ್ಡು ಬರೆಯಿರಿ.