ಬಾಣಲೆಯ ಕಪ್ಪು ಎಣ್ಣೆ ಎಂಜಿನ್ನಿಗೋ, ಬಡವನ ಹೊಟ್ಟೆಗೋ?

ಕರಿದು ಉಳಿದ ಎಣ್ಣೆಯಿಂದ ಮೋಟಾರು ಓಡೀತೇ ಎಂದು ನಗುವ ಮಹನೀಯರು ತುಸು ಚರಿತ್ರೆ ಓದಲಿ. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಡೀಸೆಲ್ ಎಂಜಿನ್ನೊಂದು ಕಡಲೆಕಾಯಿ ಎಣ್ಣೆಯಿಂದಲೇ ಓಡಿತ್ತು. 2002ರಲ್ಲಿ ವೇಲ್ಸಿನ ಲಾನೆಲ್ಲಿ ಎಂಬ ಊರಿನ ಜನ ಅಡಿಗೆ ಎಣ್ಣೆ ಹಾಕಿ ಡೀಸೆಲ್ ಕಾರು ಓಡಿಸಿದರು. ಇಂಧನ ತೆರಿಗೆ ತಪ್ಪಿತೆಂದು ಪೋಲೀಸರು ರಸ್ತೆಗಿಳಿದು, ಹೊಗೆಯಲ್ಲಿ ಕರಿದ ವಾಸನೆ ಹೊಡೆದ ಕಾರುಗಳನ್ನು ತಡೆದರು, ದಂಡ ಬಿತ್ತು. 2007ರಲ್ಲಿ ಅದೇ ಬ್ರಿಟಿಷ್ ಸರ್ಕಾರ ವರ್ಷಕ್ಕೆ 2,500 ಲೀಟರಿನವರೆಗೆ ತೆರಿಗೆ ಬೇಡವೆಂದಿತು. ಕಳ್ಳತನವೆನಿಸಿದ್ದು ಐದೇ ವರ್ಷದಲ್ಲಿ ನ್ಯಾಯವಾಯಿತು!

ಅಲ್ಲಿ ಕಾರಿನ ಹೊಗೆಯನ್ನು ಮೂಸಿದರು. ಇಲ್ಲಿ ಬಾಣಲೆಯನ್ನು ಮೂಸುವವರೇ ಇಲ್ಲ. ದೊಡ್ಡ ಹೋಟೆಲಿನಲ್ಲಿ ಕಾದು ಕಾದು ಕಪ್ಪಾದ ಎಣ್ಣೆ ಹಿಂಬಾಗಿಲಿನಿಂದ ಡಬ್ಬದಲ್ಲಿ ಹೊರಡುತ್ತದೆ. ಎಲ್ಲಿಗೆ? ಬೀದಿಬದಿಯ ಬಜ್ಜಿ ಅಂಗಡಿಗೆ. ಅಲ್ಲಿಂದ ಹಮಾಲಿಯ ಹೊಟ್ಟೆಗೆ. ಮೇಷ್ಟರಿಕೆ ಮಾಡುತ್ತಿದ್ದಾಗ ನನ್ನ ವಿದ್ಯಾರ್ಥಿಗಳೂ ಸಂಜೆ ಅದನ್ನೇ ತಿನ್ನುವುದನ್ನು ಕಂಡಿದ್ದೇನೆ. ಧನಿಕನ ಪೂರಿಗೆ ಹೊಸ ಎಣ್ಣೆ, ಬಡವನ ಬೋಂಡಕ್ಕೆ ಅದರ ಗಸಿ! ಬಜ್ಜಿಯವನನ್ನು ನಾನು ದೂರುವುದಿಲ್ಲ. ಹೊಸ ಎಣ್ಣೆಯ ಬೆಲೆ ಅವನ ಕೈಗೆಟುಕದು.

ಕಾನೂನು ಇಲ್ಲವೇ? ಇದೆ. ಎಣ್ಣೆಯಲ್ಲಿ ಕೆಟ್ಟ ಅಂಶ ನೂರಕ್ಕೆ 25 ಮೀರಿದರೆ ಬಳಸಕೂಡದೆಂದು 2018ರ ಜುಲೈಯಿಂದ ನಿಯಮವಿದೆ. ದಿನಕ್ಕೆ 50 ಲೀಟರಿಗಿಂತ ಹೆಚ್ಚು ಎಣ್ಣೆಯಲ್ಲಿ ಕರಿಯುವವರು ಲೆಕ್ಕವಿಟ್ಟು, ಉಳಿದುದನ್ನು ಅಧಿಕೃತ ಸಂಗ್ರಹಕಾರರಿಗೇ ಕೊಡಬೇಕೆಂದು 2019ರ ಮಾರ್ಚಿಯಿಂದ ಆಜ್ಞೆಯಿದೆ. ಆ ಲೆಕ್ಕದ ಪುಸ್ತಕ ತೆರೆಯಿರಿ ಎಂದು ನಮ್ಮೂರಲ್ಲಿ ಕೇಳಿದವರು ಯಾರು?

ಈ ಎಣ್ಣೆ ಡೀಸೆಲಿಗಿಂತ ಬಹಳ ಮಂದ. ಸೋಸದೆ, ನೀರಿನಂಶ ತೆಗೆಯದೆ ಸುರಿದರೆ ಫಿಲ್ಟರು ಕಟ್ಟಿಕೊಳ್ಳುತ್ತದೆ, ಇಂಜೆಕ್ಟರು ಕೆಡುತ್ತದೆ. ಮೆಥನಾಲ್, ಕಾಸ್ಟಿಕ್ ಸೋಡಾ ಸೇರಿಸಿ ಗ್ಲಿಸರಿನ್ ಬೇರ್ಪಡಿಸಿದರೆ ಜೈವಿಕ ಡೀಸೆಲ್ ಆಗುತ್ತದೆ. ಅದನ್ನು ಡೀಸೆಲಿಗೆ ಬೆರೆಸಿ ಗಾಡಿ ಓಡಿಸಬಹುದು. ಮೆಥನಾಲ್ ವಿಷ, ಬೆಂಕಿಗೆ ಬೇಗ ಹತ್ತುವಂಥದು. ಹಿತ್ತಿಲಲ್ಲಿ ಒಬ್ಬೊಬ್ಬರು ಮಾಡುವ ಕೆಲಸವಲ್ಲ. ಆದ್ದರಿಂದಲೇ ಇದು ಸಾರ್ವಜನಿಕರ ಕೈಯಲ್ಲಿರಬೇಕು, ಒಬ್ಬ ಗುತ್ತಿಗೆದಾರನ ತಿಜೋರಿಗೆ ಸೇರಬಾರದು.

ನಗರಸಭೆಯೇ ಹೋಟೆಲು ಹೋಟೆಲಿಗೆ ಹೋಗಿ ಎಣ್ಣೆ ಸಂಗ್ರಹಿಸಲಿ. ಅದರಿಂದಾದ ಇಂಧನ ಕಸದ ಲಾರಿಗಳಿಗೆ ಹೋಗಲಿ. ಉಳಿದ ಹಣದಲ್ಲಿ ಬಜ್ಜಿಯವರಿಗೆ ರಿಯಾಯಿತಿ ದರದಲ್ಲಿ ಹೊಸ ಎಣ್ಣೆ ಸಿಗಲಿ. ಮುಂದಿನ ಸಭೆಯಲ್ಲಿ ಸದಸ್ಯರು ಇದಕ್ಕೆ ಉತ್ತರ ಕೊಡಬೇಕು. ಬಡವನ ಹೊಟ್ಟೆ ಹೋಟೆಲಿನ ಹಿತ್ತಿಲ ಚರಂಡಿಯಲ್ಲ!